ಅಕ್ಕನ ಕಲ್ಲು

"ನನ್ನ ಕಲ್ಲನ್ನ ಅಕ್ಕನ ಕಲ್ಲಿನ ಮೇಲೆ ಕೂರಿಸು," ಅಂದಳು ನನ್ನ ಹೆಂಡತಿ. ಅದೇ ಕಡೆಯ ಮಾತು. ಆಮೇಲೆ ನೀರು ಕೇಳಲಿಲ್ಲ. ಮಗಳನ್ನೂ ಕೇಳಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೋದಳು.

ಹೇಳಿದ್ದು ಸಣ್ಣ ಕೆಲಸ. ಬೇರೆ ಊರಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಮ್ಮಲ್ಲಿ ಅದನ್ನು ಮಾಡಬೇಕಾದರೆ ಗಂಟು ಬಿಚ್ಚಬೇಕು. ನಮ್ಮಲ್ಲಿ ಗಂಟು ಬಿಚ್ಚುವ ಹಾಗಿಲ್ಲ.

ಗಂಟಿನ ವಿಷಯ ಹೇಳುತ್ತೇನೆ.

ಯುದ್ಧ ಮುಗಿದ ವರ್ಷ ಯಾರೋ ಎಲ್ಲೋ ಕೂತು ಒಂದು ಗೆರೆ ಎಳೆದರು. ನಮ್ಮ ಹಳೇ ಊರು ಗೆರೆಯ ಆಚೆ ಬಿತ್ತು. ನೀವು ಈಚೆ ಬರಬೇಕು ಅಂದರು. ಯಾರು ಗೆದ್ದರು ಅಂತಲೂ ಹೇಳಿದ್ದರು. ಈಗ ನೆನಪಿಲ್ಲ. ಲಾರಿ ನಿಂತಿದೆ, ಹೊರುವಷ್ಟು ಮಾತ್ರ ತಗೊಳ್ಳಿ, ಅಂದರು. ಅವಸರದಲ್ಲಿ ಎಲ್ಲರೂ ಅರ್ಧರ್ಧ ತಂದರು. ನಾನು ನೇಗಿಲು ಬಿಟ್ಟು ಅದರ ಕಬ್ಬಿಣದ ಗುಳ ತಂದೆ. ಪಕ್ಕದವನು ಹಿಡಿಯುವ ಕಾವು ಬಿಟ್ಟು ಕೊಡಲಿ ತಂದ. ಒಬ್ಬಳು ತೊಟ್ಟಿಲಿನ ಹಗ್ಗ ಬಿಚ್ಚಿಕೊಂಡು ಬಂದಳು, ತೊಟ್ಟಿಲು ಅಲ್ಲೇ ಉಳಿಯಿತು. ನನ್ನ ಹೆಂಡತಿ ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಎತ್ತಿ ಉಟ್ಟು ಬಿಟ್ಟ ಸೀರೆಯಲ್ಲಿ ಕಟ್ಟಿದಳು. ಕೆಳಗಿನ ಕಲ್ಲು ನೆಲದಲ್ಲಿ ಹೂತಿತ್ತು. ಅದು ಬರಲಿಲ್ಲ.

"ಅರ್ಧ ಕಲ್ಲು ಹೊತ್ತು ಏನು ಮಾಡ್ತೀಯೆ?" ಅಂದೆ.

"ನೇಗಿಲಿಲ್ಲದ ಗುಳ ಹೊತ್ತವನು ನನ್ನನ್ನ ಕೇಳ್ತಾನೆ ನೋಡು," ಅಂದಳು.

ಇಲ್ಲಿಗೆ ತಂದು ಇಳಿಸಿದರು. ಮನೆಗಳು ನಿಂತಿದ್ದವು. ಬೇರೆಯವರ ಮನೆಗಳು. ಅವರನ್ನೂ ಯಾವುದೋ ಗೆರೆ ದಾಟಿಸಿದ್ದರು. ನಾವು ಹೊಸಿಲು ದಾಟಿದಾಗ ಒಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿತ್ತು.

ಲಾರಿಯ ಜೊತೆ ಬಂದವನು ಮೇಲೆ ನಿಂತು ಹೇಳಿದ. "ಇದು ಸ್ವಲ್ಪ ದಿನಕ್ಕೆ. ಗಂಟು ಬಿಚ್ಚಬೇಡಿ. ಒಂದು ಸಂಜೆ ಲಾರಿ ಬರುತ್ತೆ. ಗಂಟು ಇಟ್ಟುಕೊಂಡು ರಸ್ತೆಯಲ್ಲಿ ಕೂತಿರೋರನ್ನ ವಾಪಸು ಕರಕೊಂಡು ಹೋಗ್ತೀವಿ."

ಯಾವ ಸಂಜೆ ಅಂತ ಹೇಳಲಿಲ್ಲ. ಕೇಳೋಣ ಅನ್ನುವಷ್ಟರಲ್ಲಿ ಲಾರಿ ಹೊರಟಿತು.

ಅವತ್ತು ಸಂಜೆ ಹೋಗಿ ಕೂತೆವು. ಮಾರನೇ ಸಂಜೆ ಹೋಗಿ ಕೂತೆವು. ಹಾಗೇ ಆಯಿತು.

ಹೊತ್ತು ಗುಡ್ಡದ ಹೆಗಲಿಗೆ ಬಂದರೆ ಊರಿನ ಬಾಗಿಲುಗಳೆಲ್ಲ ತೆರೆಯುತ್ತವೆ. ಎಲ್ಲರ ತಲೆಯ ಮೇಲೂ ಗಂಟು. ರಸ್ತೆಯ ಅಂಚಿಗೆ ಹೋಗುತ್ತೇವೆ. ಗಂಟು ಇಳಿಸುತ್ತೇವೆ. ಅದರ ಮೇಲೆ ಕೂರುತ್ತೇವೆ. ಆಗ ಕೂಗುವವನು ಎದ್ದು ನಿಲ್ಲುತ್ತಾನೆ. ಅವನಿಗೆ ಬೇರೆ ಕೆಲಸವಿಲ್ಲ. ಹಳೇ ಊರಲ್ಲಿ ಯಾವ ಮನೆಗೆ ಏನು ಹೆಸರಿತ್ತೋ ಆ ಹೆಸರನ್ನು ಕೂಗುತ್ತಾನೆ.

"ಹುಣಸೆಕಟ್ಟೆಯವರೂ..."

"ಇದ್ದೇವೆ."

"ಬಾವಿಮೂಲೆಯವರೂ..."

"ಇದ್ದೇವೆ."

"ಬೇಲದಮರದವರೂ..."

ಅದು ನಾವು. ಹಳೇ ಮನೆಯ ಮುಂದೆ ಒಂದು ಬೇಲದ ಮರ ಇತ್ತು. "ಇದ್ದೇವೆ," ಅನ್ನುತ್ತೇವೆ.

ರಸ್ತೆಯ ತಿರುವಿನಲ್ಲಿ ಧೂಳು ಎದ್ದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಧೂಳಿನೊಳಗಿಂದ ಆಡುಗಳು ಬರುತ್ತವೆ. ಇಲ್ಲ ಕುಂಬಾರನ ಗಾಡಿ ಬರುತ್ತದೆ. ಮತ್ತೆ ಕೂರುತ್ತೇವೆ. ಕತ್ತಲಾದಾಗ ಗಂಟು ಹೊತ್ತು ಮನೆಗೆ ಬರುತ್ತೇವೆ. "ನಾಳೆ," ಅನ್ನುತ್ತಾರೆ ಒಬ್ಬರಿಗೊಬ್ಬರು. ಸಂತೆಗೆ ಹೋದರೆ ಆಸುಪಾಸಿನ ಜನ ನಮ್ಮನ್ನು ಗಂಟಿನವರು ಅನ್ನುತ್ತಾರೆ. "ಏನ್ ಗಂಟಿನೋರೇ, ಬಂತಾ ಲಾರಿ?" ಅನ್ನುತ್ತಾರೆ. ನಗುತ್ತಾರೆ. ನಾವೂ ನಗುತ್ತೇವೆ.

ಲಾರಿಯವನು ಹೇಳಿದ್ದು ಅಷ್ಟೇ. ಉಳಿದದ್ದು ನಾವು ಸೇರಿಸಿದ್ದು. ಒಬ್ಬರು ಬಿಚ್ಚಿದರೂ ಲಾರಿ ಯಾರಿಗೂ ಬರುವುದಿಲ್ಲ ಅಂತ ಸೇರಿಸಿದೆವು. ಗಂಟಿನಲ್ಲಿ ಇರುವ ವಸ್ತುವನ್ನು ಇಲ್ಲಿ ಮತ್ತೆ ಮಾಡಿಸಬಾರದು ಅಂತ ಸೇರಿಸಿದೆವು. ಮಾಡಿಸಿದರೆ ಇಲ್ಲೇ ಇರುತ್ತೇವೆ ಅಂದ ಹಾಗಾಗುತ್ತದೆ. ಸತ್ತವರ ಗಂಟನ್ನು ಇದ್ದವರು ಹೊರಬೇಕು ಅಂತಲೂ ಸೇರಿಸಿದೆವು. ಇಲ್ಲಿ ಹುಟ್ಟಿದ ಮಕ್ಕಳಿಗೂ ಗಂಟು ಬೇಕಾಯಿತು. ಅದರಲ್ಲಿ ಏನು ಹಾಕುವುದು? ನಮ್ಮ ಮಗಳು ಹುಟ್ಟಿದಾಗ ನನ್ನ ಹೆಂಡತಿ ಇಲ್ಲಿಯ ಹಳ್ಳಕ್ಕೆ ಹೋಗಿ ಒಂದು ಗುಂಡುಕಲ್ಲು ತಂದು ಕಟ್ಟಿದಳು.

"ಇದರಲ್ಲಿ ಏನಿದೆಯಮ್ಮ?" ಅಂತ ಮಗಳು ಕೇಳುತ್ತಿದ್ದಳು.

"ನಮ್ಮೂರಿನದು," ಅನ್ನುತ್ತಿದ್ದಳು.

ಬೀಸುವ ಕಲ್ಲುಗಳೆಲ್ಲ ಗಂಟಿನಲ್ಲಿ ಇದ್ದವು. ಎಲ್ಲರ ಮನೆಯವೂ ಮೇಲಿನ ಕಲ್ಲುಗಳೇ. ಹಾಗಾಗಿ ಹಿಟ್ಟು ಇಲ್ಲ. ಒನಕೆಯಲ್ಲಿ ಕುಟ್ಟಿ ನುಚ್ಚು ಮಾಡಿ ತಿಂದೆವು. ಹಳೇ ಊರಲ್ಲಿ ನುಚ್ಚು ಕಾಯಿಲೆಯವರಿಗೆ ಕೊಡುತ್ತಿದ್ದರು. ನಮ್ಮದು ರೊಟ್ಟಿ. ಇಲ್ಲಿ ವರ್ಷ ಕಳೆದ ಹಾಗೆ ಮಕ್ಕಳು ನುಚ್ಚನ್ನೇ ನಮ್ಮೂರ ಊಟ ಅಂದರು. ನಾವು ತಿದ್ದಲಿಲ್ಲ. ಆಮೇಲೆ ಮದುವೆಗೂ ನುಚ್ಚು ಮಾಡಿದರು. ಹಿರಿಯರಿಂದ ಬಂದದ್ದು ಅಂದರು. ಕೂಗುವವನು ಮೊದಲ ತುತ್ತು ತಿಂದು ಕಣ್ಣು ಒರೆಸಿಕೊಂಡ.

"ನೋಡಿದ್ಯಾ?" ಅಂದಳು ನನ್ನ ಹೆಂಡತಿ, ಮಗಳ ಮದುವೆಯ ಪಂಕ್ತಿಯಲ್ಲಿ. "ಊರಿಗೆ ಊರೇ ಕಾಯಿಲೆ ಬಿದ್ದಿದೆ."

"ಸುಮ್ಮನಿರೇ," ಅಂದೆ.

ಇನ್ನು ಅಕ್ಕನ ವಿಷಯ.

ಈ ಮನೆಗೆ ಬಂದ ದಿನವೇ ನನ್ನ ಹೆಂಡತಿ ಅಡಿಗೆಮನೆಯ ಮೂಲೆಯಲ್ಲಿ ನಿಂತುಬಿಟ್ಟಳು. ಅಲ್ಲಿ ನೆಲದಲ್ಲಿ ಒಂದು ಬೀಸುವ ಕಲ್ಲು ಹೂತಿತ್ತು. ಕೆಳಗಿನ ಕಲ್ಲು ಮಾತ್ರ. ನಡುವೆ ಗೂಟ. ಮೇಲಿನದನ್ನು ಆ ಮನೆಯ ಹೆಂಗಸು ಹೊತ್ತುಕೊಂಡು ಹೋಗಿದ್ದಳು. ಕಲ್ಲಿನ ಪಕ್ಕದಲ್ಲಿ ನೆಲ ಸವೆದು ತಗ್ಗಾಗಿತ್ತು. ಎಷ್ಟೋ ಬೆಳಗು ಒಬ್ಬಳು ಅಲ್ಲಿ ಕೂತಿದ್ದಾಳೆ. ನನ್ನ ಹೆಂಡತಿ ಆ ತಗ್ಗಿನಲ್ಲಿ ಕೂತಳು. ಸರಿಯಾಗಿ ಕೂತಳು.

"ನನ್ನಷ್ಟೇ ಗಾತ್ರ," ಅಂದಳು. ಕಾಲು ಚಾಚಿದಳು. ಅತ್ತಿತ್ತ ನೋಡಿದಳು. "ಎಡಗೈಯವಳು. ಕಾಲಿನ ಗುರುತು ನೋಡು, ಈ ಕಡೆ ಇದೆ."

ಮೊದಮೊದಲು ಅವಳನ್ನು ಸವತಿ ಅನ್ನುತ್ತಿದ್ದಳು. ಮಾಡು ಸೋರಿದರೆ ಸವತಿಗೆ ಬೈಗುಳ. ಒಲೆ ಹೊಗೆ ಹಾಕಿದರೆ ಸವತಿಗೆ ಬೈಗುಳ. "ಇಂಥಾ ಒಲೆ ಇಟ್ಟುಕೊಂಡು ಹೆಂಗೆ ಬಾಳಿದಳೋ ಮಾರಾಯ್ತಿ!" ನನಗೂ ಬೈಗುಳ, ಸವತಿಯ ಪರ ಮಾತಾಡಿದೆ ಅಂತ. ಮಗಳು ಹುಟ್ಟುವ ಹೊತ್ತಿಗೆ ನೋವು ಎದ್ದಾಗ ಆ ತಗ್ಗಿಗೆ ಹೋಗಿ ಕೂತಳು. ಕೆಳಗಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದಳು. "ಅಕ್ಕಾ," ಅಂತ ಕೂಗಿದಳು. ಅವತ್ತಿನಿಂದ ಅಕ್ಕ.

ಶುಕ್ರವಾರ ಆ ಕಲ್ಲನ್ನು ತೊಳೆದು ಕುಂಕುಮ ಇಡುತ್ತಿದ್ದಳು. ಅದರ ಜೊತೆ ಮಾತಾಡುತ್ತಿದ್ದಳು. ಹೊರಗಿನಿಂದ ಕೇಳಿದರೆ ಒಳಗೆ ಇಬ್ಬರು ಇದ್ದ ಹಾಗೆ ಇರುತ್ತಿತ್ತು. ಒಂದೊಂದು ಸಲ ನಾನು ಬಾಗಿಲಲ್ಲಿ ನಿಂತು ಕೆಮ್ಮಿ ಒಳಗೆ ಹೋಗುತ್ತಿದ್ದೆ.

ಒಂದು ಸಂಜೆ ರಸ್ತೆಯಲ್ಲಿ ಗಂಟಿನ ಮೇಲೆ ಕೂತು ಅಂದಳು. "ಅಕ್ಕನೂ ಎಲ್ಲೋ ಒಂದು ರಸ್ತೆಯಲ್ಲಿ ಹಿಂಗೇ ಕೂತಿರ್ತಾಳೆ."

"ಇರಬೋದು."

"ಲಾರಿ ಬಂದು ಅವಳನ್ನ ಇಲ್ಲಿಗೆ ತಂದುಬಿಟ್ಟರೆ?"

"ನಾವು ನಮ್ಮೂರಿಗೆ ಹೋಗ್ತೀವಲ್ಲ."

"ಅಲ್ಲಿ ನಮ್ಮ ಮನೇಲಿ ಇರೋರು?"

"ಅವರು ಅವರೂರಿಗೆ."

"ಅಲ್ಲಿರೋರು?"

ಅವಳು ನಕ್ಕಳು. "ಅಷ್ಟೊಂದು ಲಾರಿ ಎಲ್ಲಿಂದ ತರ್ತಾರೋ," ಅಂದಳು. ಮುಂದೆ ಕೂತವರು ತಿರುಗಿ ನೋಡಿದರು. ರಸ್ತೆಯಲ್ಲಿ ನಗುವ ಪದ್ಧತಿ ಇರಲಿಲ್ಲ.

ಆದರೂ ದಿನಾ ಬರುತ್ತಿದ್ದಳು. ತನ್ನ ಗಂಟು ತಾನೇ ಹೊರುತ್ತಿದ್ದಳು. ಬಸುರಿಯಾಗಿದ್ದಾಗಲೂ ಹೊತ್ತಳು. ಕೊಡು ಅಂದರೆ "ನಿಂದು ನಿನಗೆ, ನಂದು ನನಗೆ," ಅನ್ನುತ್ತಿದ್ದಳು. ಗಂಟಿನ ಸೀರೆ ಹರಿಯುತ್ತಿತ್ತು. ಬಿಚ್ಚಿ ಬದಲಾಯಿಸುವ ಹಾಗಿಲ್ಲ. ಅದರ ಮೇಲೇ ಇನ್ನೊಂದು ಸೀರೆ ಸುತ್ತಿ ಕಟ್ಟುತ್ತಿದ್ದಳು. ಅದು ಹರಿದರೆ ಮತ್ತೊಂದು. ಹಾಸಿಗೆ ಹಿಡಿದದ್ದು ಒಂದೇ ರಾತ್ರಿ. ಹೋಗುವ ಹಿಂದಿನ ಸಂಜೆಯೂ ಹೊತ್ತು ಬಂದಿದ್ದಳು.

ಈಗ ಅವಳು ಹೋದ ದಿನ.

ಬಿಸಿಲು ಇಳಿಯುವ ಮುಂಚೆ ಮಣ್ಣು ಮಾಡಿದೆವು. ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಹೊತ್ತು ಗುಡ್ಡದ ಹೆಗಲಿಗೆ ಬಂದಿತ್ತು. ಬಾಗಿಲುಗಳು ತೆರೆದವು. ನನ್ನ ಗಂಟು ತಲೆಯ ಮೇಲೆ ಇಟ್ಟುಕೊಂಡೆ. ಅವಳದನ್ನು ಎತ್ತಲು ಬಗ್ಗಿದೆ.

ಮೇಲೆ ಬರಲಿಲ್ಲ.

ಇನ್ನೊಂದು ಸಲ ಎತ್ತಿದೆ. ಸೊಂಟಕ್ಕೆ ಬಂತು. ಅಲ್ಲಿ ಹಿಡಿದುಕೊಂಡು ಹೊರಟೆ. ಹುಣಸೆಕಟ್ಟೆಯವರ ಮನೆಯ ಮುಂದೆ ಇಳಿಸಿದೆ. ಬಾವಿಮೂಲೆಯವರ ಮನೆಯ ಮುಂದೆ ಇಳಿಸಿದೆ. ಮಗಳು ಹಿಂದೆ ತನ್ನ ಗಂಟು ಹೊತ್ತು ಬರುತ್ತಿದ್ದಳು. ಅವಳನ್ನು ಇದೇ ಊರಲ್ಲಿ, ಕೆಳಗಿನ ಕೇರಿಗೆ ಕೊಟ್ಟಿದ್ದೇವೆ.

"ನಾನು ಹಿಡೀಲಾ ಅಪ್ಪ?" ಅಂದಳು.

"ಬೇಡ."

"ಅಮ್ಮ ಹೆಂಗೆ ಹೊರ್ತಿದ್ದಳು ಇದನ್ನ?"

ಗೊತ್ತಿದ್ದರೆ ಹೇಳುತ್ತಿದ್ದೆ. ರಸ್ತೆಗೆ ಹೋದಾಗ ಎಲ್ಲರೂ ಕೂತಿದ್ದರು. ಅವಳ ಗಂಟನ್ನು ನನ್ನ ಪಕ್ಕದಲ್ಲಿ ಇಟ್ಟೆ. ಅದರ ಮೇಲೆ ಯಾರೂ ಕೂರಲಿಲ್ಲ.

ಕೂಗುವವನು ಎದ್ದ. ಹೆಸರು ಕೂಗಿದ. ನಮ್ಮ ಸರದಿ ಬಂತು. "ಬೇಲದಮರದವರೂ..."

ನಾನು ಅವಳ ಗಂಟಿನ ಕಟ್ಟು ನೋಡುತ್ತಿದ್ದೆ. ಇನ್ನೊಂದು ಸಲ ಕೂಗಿದ. ಮಗಳು ನನ್ನ ಪರವಾಗಿ "ಇದ್ದೇವೆ" ಅಂದಳು. ಅವಳು ಈಗ ಬೇರೆ ಮನೆಯವಳು, ನಮ್ಮ ಮನೆಯ ಕೂಗಿಗೆ ಓಗೊಡುವ ಹಾಗಿಲ್ಲ. ಆದರೂ ಅಂದಳು. ಯಾರೂ ತಪ್ಪು ಹಿಡಿಯಲಿಲ್ಲ.

ಕೂಗಿ ಮುಗಿದ ಮೇಲೆ ಅವನು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ನನಗಿಂತ ಹಿರಿಯ. ಹಳೇ ಊರಲ್ಲಿ ನಮ್ಮ ಹಿಂದಿನ ಮನೆಯವನು.

"ಏನಾದರೂ ಹೇಳಿದಳೇನಪ್ಪ ಹೋಗೋವಾಗ?" ಅಂದ.

"ಕಲ್ಲು ಕೂರಿಸು ಅಂದಳು ಅಣ್ಣ."

"ಎಲ್ಲಿ?"

"ಮನೇಲಿ. ಅಲ್ಲಿರೋ ಕಲ್ಲಿನ ಮೇಲೆ."

ಕೂಗುವವನು ನೆಲದ ಮೇಲೆ ಬೆರಳಲ್ಲಿ ಏನೋ ಗೀಚಿದ. ಅಳಿಸಿದ.

"ಜ್ವರದ ಮಾತು," ಅಂದಳು ಮಗಳು. "ಬಿಚ್ಚಬೇಡಪ್ಪ. ನಮ್ಮೂರಿಗೆ ಹೋಗೋದು ಬೇಡವಾ?" ಅವಳು ಇಲ್ಲಿ ಹುಟ್ಟಿದವಳು. ಆ ಊರನ್ನು ಕಂಡವಳಲ್ಲ. ಹೋಗಬೇಕು ಅಂತ ಎಲ್ಲರಿಗಿಂತ ಹೆಚ್ಚು ಅಳುವವಳು ಅವಳೇ. ಬೇಲದ ಮರದ ಎಲೆ ಹೇಗಿರುತ್ತೆ ಅಂತ ಕೇಳುವವಳು.

"ಜ್ವರ ಇರಲಿಲ್ಲ," ಅಂದೆ.

"ನೀನು ಬಿಚ್ಚಿದರೆ ನಾಳೆ ನಿನ್ನ ಮನೆ ಹೆಸರು ಕೂಗಲ್ಲ," ಅಂದ ಕೂಗುವವನು. ಗದರಿಸಲಿಲ್ಲ. ಮೆಲ್ಲಗೆ ಅಂದ. "ಕೂಗೋ ಹಾಗಿಲ್ಲ ನಾನು. ಬೇಲದಮರ ಅನ್ನೋದು ಎಲ್ಲೂ ಇಲ್ಲ ಈಗ. ಮರ ಕಡಿದಿದ್ದಾರೋ ಏನೋ. ನನ್ನ ಬಾಯಲ್ಲಿದೆ ಅಷ್ಟೇ. ನಾನು ಬಿಟ್ಟರೆ ನೀನು ಯಾರು ಹೇಳು?"

ಅವಳ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ನೀನೊಬ್ಬನೇ ಅಲ್ಲ," ಅಂದ. "ನಿನ್ನ ಒಂದು ಗಂಟಿಗೆ ಇಷ್ಟು ಜನದ ದಾರಿ ಕಟ್ಟಿದೆ."

"ನಿನ್ನ ಗಂಟಲ್ಲಿ ಏನಿದೆ ಅಣ್ಣ?" ಅಂತ ಕೇಳಿದೆ. ಕೇಳುವ ಪದ್ಧತಿ ಇಲ್ಲ. ಬಾಯಿಂದ ಬಂದುಬಿಟ್ಟಿತು.

ಅವನು ಹಿಂದೆ ತಿರುಗಿ ತನ್ನ ಗಂಟು ನೋಡಿದ. ಬಹಳ ಹೊತ್ತು ನೋಡಿದ.

"ಅವ್ವ ಕಟ್ಟಿದ್ದು," ಅಂದ. "ನಾನು ಆಗ ಲಾರಿ ಹತ್ತೋ ಗಡಿಬಿಡೀಲಿದ್ದೆ. ಕೇಳಲಿಲ್ಲ. ಅವ್ವ ದಾರೀಲೇ ಹೋದಳು."

ತಿರುವಿನಲ್ಲಿ ಧೂಳು ಎದ್ದಿತು. ಎಲ್ಲರೂ ಎದ್ದು ನಿಂತರು. ಅವನೂ ಎದ್ದ. ನಾನು ಅವಳ ಗಂಟಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದೆ. ಧೂಳಿನೊಳಗಿಂದ ಒಂದು ಎಮ್ಮೆ ಬಂತು. ನಮ್ಮನ್ನೆಲ್ಲ ನೋಡಿತು. ದಾಟಿ ಹೋಯಿತು.

"ನಾಳೆ," ಅಂದರು ಒಬ್ಬರಿಗೊಬ್ಬರು.

ವಾಪಸು ಬರುವಾಗಲೂ ಅವಳ ಗಂಟನ್ನು ನಾನೇ ಹೊತ್ತೆ. ಅದೇ ಎರಡು ಕಡೆ ಇಳಿಸಿದೆ. ಮನೆಯಲ್ಲಿ ಅಡಿಗೆಮನೆಯ ಮೂಲೆಗೆ ಒಯ್ದು ತಗ್ಗಿನ ಪಕ್ಕ ಇಟ್ಟೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಗಂಟಿಗೆ ತಲೆ ಕೊಟ್ಟು ಮಲಗಿದೆ. ನಿದ್ದೆ ಬಂತು. ಕನಸಿನಲ್ಲಿ ಒಂದು ಉದ್ದನೆ ರಸ್ತೆ. ರಸ್ತೆಯ ಅಂಚಿನಲ್ಲಿ ಒಬ್ಬಳು ಗಂಟಿನ ಮೇಲೆ ಕೂತಿದ್ದಳು. ಮುಖ ಕಾಣಲಿಲ್ಲ. ಎಡಗೈಯಲ್ಲಿ ಗಾಳಿಯನ್ನು ತಿರುಗಿಸುತ್ತಿದ್ದಳು, ಸುತ್ತ ಸುತ್ತ, ಬೀಸುವ ಕಲ್ಲಿನ ಹಿಡಿಗೂಟ ಹಿಡಿದ ಹಾಗೆ. ಸದ್ದು ಮಾತ್ರ ಇರಲಿಲ್ಲ.

ಹಳೇ ಊರಲ್ಲಿ ಕೋಳಿಗಿಂತ ಮೊದಲು ಕಲ್ಲು ಏಳುತ್ತಿತ್ತು. ಬೆಳಗು ಆಯಿತು ಅಂತ ನಮಗೆ ಗೊತ್ತಾಗುತ್ತಿದ್ದದ್ದು ಆ ಸದ್ದಿನಿಂದ. ಈ ಊರಲ್ಲಿ ಬೆಳಗು ಸುಮ್ಮನೆ ಬರುತ್ತದೆ.

ಅವತ್ತೂ ಸುಮ್ಮನೆ ಬಂತು. ಎದ್ದೆ. ಮುಖ ತೊಳೆದೆ. ಗಂಟಿನ ಮುಂದೆ ಕೂತೆ.

ಗಂಟು ಬಿಗಿದು ಕಲ್ಲಾಗಿತ್ತು. ಹಲ್ಲಲ್ಲಿ ಕಚ್ಚಿ ಎಳೆದೆ. ಮೇಲಿನ ಸೀರೆ ಬಿಚ್ಚಿತು. ಹಸಿರು, ಮೊನ್ನೆ ಮೊನ್ನೆವರೆಗೂ ಉಡುತ್ತಿದ್ದಳು. ಅದರ ಕೆಳಗೆ ನೀಲಿ. ಮಗಳ ಮದುವೆಯದು. ಅದರ ಕೆಳಗೆ ಬಣ್ಣ ಹೋದದ್ದೊಂದು, ಮಳೆ ಹಿಡಿದ ವರ್ಷ ಮೂರು ಹೊತ್ತೂ ಅದನ್ನೇ ಉಟ್ಟಿದ್ದಳು. ಅದರ ಕೆಳಗೆ ಇನ್ನೊಂದು, ಅದರಲ್ಲಿ ಮಗಳ ಜೋಲಿ ಕಟ್ಟಿದ್ದೆವು. ಒಂದೊಂದನ್ನೂ ಮಡಿಸಿ ಪಕ್ಕಕ್ಕೆ ಇಟ್ಟೆ. ಅವಳು ಒಂದೊಂದೇ ವಯಸ್ಸು ಕಳೆದುಕೊಳ್ಳುತ್ತಾ ಬಂದಳು. ಕಡೆಗೆ ಹಳೇ ಊರಿನ ಸೀರೆ ಬಂತು. ಕೈ ಇಟ್ಟಲ್ಲಿ ಪುಡಿಯಾಯಿತು. ಲಾರಿ ಹತ್ತಿದ ದಿನದ ಹುಡುಗಿ ಅದರೊಳಗೆ ಇದ್ದಳು. ಆಮೇಲೆ ಕಲ್ಲು.

ಕಲ್ಲನ್ನು ಮಗುಚಿ ನೋಡಿದೆ. ಹಲ್ಲುಗಳ ಸಂದಿಯಲ್ಲಿ ಹಿಟ್ಟು ಇತ್ತು. ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊರಡುವ ದಿನ ಬೆಳಿಗ್ಗೆ ಬೀಸಿದ್ದು.

ಎತ್ತಿ ಅಕ್ಕನ ಕಲ್ಲಿನ ಮೇಲೆ ಇಟ್ಟೆ. ಕೂರಲಿಲ್ಲ. ಇದರ ತೂತು ದೊಡ್ಡದು, ಅದರ ಗೂಟ ಸಣ್ಣದು. ಅಲ್ಲಾಡಿತು. ಬೇರೆ ಬೇರೆ ಕೈ ಕೆತ್ತಿದ ಕಲ್ಲುಗಳು, ಹೇಗೆ ಕೂರುತ್ತವೆ? ಇಳಿಸಿದೆ. ಬಿಚ್ಚಿದ್ದಂತೂ ಆಗಿತ್ತು. ಇಷ್ಟು ಜನದ ದಾರಿ ಮುಚ್ಚಿತ್ತು. ಕಲ್ಲೂ ಕೂರದಿದ್ದರೆ ಅವಳಿಗೆ ಏನು ಹೇಳಲಿ?

ಮಡಿಸಿಟ್ಟ ಸೀರೆಗಳನ್ನು ನೋಡಿದೆ. ಜೋಲಿಯ ಸೀರೆಯ ಅಂಚನ್ನು ಹರಿದೆ. ನೀರಲ್ಲಿ ಅದ್ದಿ ಗೂಟಕ್ಕೆ ಸುತ್ತಿದೆ. ಬಿಗಿಯಾಗಿ ಸುತ್ತಿದೆ. ಕಲ್ಲು ಎತ್ತಿ ಇಟ್ಟೆ. ಕೂತಿತು.

ಹಿಡಿಗೂಟಕ್ಕೆ ಒಂದು ಸೌದೆ ಕೆತ್ತಿ ಬಡಿದೆ. ಮಡಕೆಯಿಂದ ಜೋಳ ತೆಗೆದೆ, ಈ ಊರಿನ ಜೋಳ. ತಗ್ಗಿನಲ್ಲಿ ಕೂತೆ. ನನಗೆ ಆ ತಗ್ಗು ಬಿಗಿ. ನಮ್ಮಲ್ಲಿ ಗಂಡಸರು ಬೀಸುವುದಿಲ್ಲ. ಯಾವ ಕಡೆ ತಿರುಗಿಸಬೇಕು ಅಂತಲೂ ಗೊತ್ತಿಲ್ಲ. ಬಲಗೈಯಲ್ಲಿ ತಿರುಗಿಸಿದೆ. ಕಲ್ಲು ಕಚ್ಚಿಕೊಂಡು ನಿಂತಿತು. ಎಡಗೈಗೆ ಬದಲಾಯಿಸಿದೆ.

ತಿರುಗಿತು.

ಮೊದಲು ಕಿರುಗುಟ್ಟಿತು. ಆಮೇಲೆ ಆ ಸದ್ದು. ಗುಡುಗು ಬಹಳ ದೂರದಲ್ಲಿ ಹೊರಳಿದ ಹಾಗೆ. ಗೋಡೆಗೆ ಹೋಯಿತು, ನೆಲದೊಳಗೆ ಹೋಯಿತು. ನನ್ನ ಹಲ್ಲಿಗೂ ಬಂತು. ಹೊರಗೆ ಯಾರದೋ ಬಾಗಿಲು ತೆರೆಯಿತು. ಇನ್ನೊಂದು ತೆರೆಯಿತು. ಸಂಜೆಯ ಹಾಗೆ ಊರಿನ ಬಾಗಿಲುಗಳೆಲ್ಲ ತೆರೆಯುವುದು ಕೇಳಿಸಿತು. ಒನಕೆಯ ಸದ್ದುಗಳು ನಿಂತವು.

ಮಗಳು ನನಗೆ ನುಚ್ಚು ತಂದಿದ್ದಳು. ಹೊಸಿಲಲ್ಲಿ ಗಡಿಗೆ ಹಿಡಿದು ನಿಂತಳು. ಮಡಿಸಿದ ಸೀರೆಗಳನ್ನು ನೋಡಿದಳು. ಒಳಗೆ ಬರಲಿಲ್ಲ.

"ಇದೇನಪ್ಪ ಈ ಸದ್ದು?" ಅಂದಳು. ಅವಳು ಅದನ್ನು ಕೇಳಿರಲಿಲ್ಲ.

"ಬೆಳಗಿನದು," ಅಂತ ಅವಳ ಹಿಂದಿನಿಂದ ಯಾರೋ ಅಂದರು. ಕೂಗುವವನು. ಎದ್ದ ಹಾಗೇ ಬಂದಿದ್ದ. ತಲೆಗೆ ವಸ್ತ್ರ ಇರಲಿಲ್ಲ. ಕಂಕುಳಲ್ಲಿ ಅವನ ಗಂಟು ಇತ್ತು. "ನಮ್ಮೂರಿನ ಬೆಳಗಿನದು ಕಣವ್ವ."

ಬೈಯುತ್ತಾನೆ ಅಂದುಕೊಂಡೆ. ಅವನು ಜಗಲಿಯ ಮೇಲೆ ಕೂತ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದರ ಕಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ಬಿಚ್ಚಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಾ ಕೂತ.

ಕಲ್ಲಿನ ಸುತ್ತ ಹಿಟ್ಟು ಬಿದ್ದಿತ್ತು. ಹೊಸ ಜೋಡಿ ಕಲ್ಲಿನ ಮೊದಲ ಹಿಡಿ ಹಿಟ್ಟನ್ನು ಹೊರಗೆ ಎಸೆಯಬೇಕು. ಕಲ್ಲಿನ ಪುಡಿ ಇರುತ್ತದೆ. ಹಳೇ ಊರಲ್ಲಿ ನನ್ನ ಅವ್ವ ಹಾಗೇ ಮಾಡುತ್ತಿದ್ದಳು. ಇಲ್ಲಿ ಅಕ್ಕನೂ ಮಾಡಿರುತ್ತಾಳೆ. ಮೊದಲ ಹಿಡಿ ತೆಗೆದುಕೊಂಡೆ. ಬಿಸಿಯಿತ್ತು. ಬಿಳಿಯ ಹಿಟ್ಟು, ನಡುನಡುವೆ ಬೂದಿಯ ಬಣ್ಣ.

ಎಸೆಯಲಿಲ್ಲ. ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಕಲ್ಲು ಸಿಕ್ಕಿತು. ಅವಳದೂ ಇರಬೇಕು, ಅಕ್ಕನದೂ ಇರಬೇಕು.

"ಬೇಲದಮರದವರೂ..." ಅಂದ ಕೂಗುವವನು. ಕಣ್ಣು ತೆರೆಯಲಿಲ್ಲ. ಬೆಳಗಿನ ಹೊತ್ತಿನಲ್ಲಿ ಯಾವತ್ತೂ ಅವನು ಕೂಗಿದವನಲ್ಲ.

ಬಾಯಿ ತುಂಬ ಹಿಟ್ಟು. ಮಾತು ಬರುವ ಹಾಗಿರಲಿಲ್ಲ. ಇನ್ನೊಂದು ಹಿಡಿ ಜೋಳ ಹಾಕಿ ಕಲ್ಲು ತಿರುಗಿಸಿದೆ.